ಬಿಚ್ಚಿದರೆ ತಿಳಿಯುವ ಗಾಡಿ

ನಡುದಾರಿಯಲ್ಲಿ ನಿಂತುಹೋದ ಹಳೆಯ ಪೆಟ್ರೋಲ್ ಜೀಪಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡೇ. ಪೆಟ್ರೋಲು ಬರುತ್ತಿದೆಯೇ? ಕಿಡಿ ಹಾರುತ್ತಿದೆಯೇ? ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಕಳಚಿ, ಮುಂದಿನ ಹ್ಯಾಂಡಲ್ ತಿರುಗಿಸಿದರೆ ಮೊದಲನೆಯದಕ್ಕೆ ಉತ್ತರ ಸಿಗುತ್ತದೆ. ಕೊಳವೆಯನ್ನು ಮರಳಿ ಬಿಗಿದು, ಚೆಲ್ಲಿದ ಪೆಟ್ರೋಲನ್ನು ಒರೆಸಿ, ಅದು ಆರಿದ ಮೇಲೆ ಒಂದು ಪ್ಲಗ್ ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ನೋಡಿದರೆ ಎರಡನೆಯದಕ್ಕೆ. ಎರಡೂ ಬರುತ್ತಿದ್ದರೆ ಗಾಡಿ ಇವತ್ತಲ್ಲದಿದ್ದರೆ ನಾಳೆ ಮನೆ ಸೇರುತ್ತದೆ. ಬಾರದಿದ್ದರೆ ಎಲ್ಲಿ ತಡೆಯಾಗಿದೆ ಎಂಬುದನ್ನು ಕೊಳವೆ ಹಿಡಿದು, ತಂತಿ ಹಿಡಿದು ಹುಡುಕುತ್ತ ಹೋಗಬಹುದು.

ಜೋಯಿಡಾದಂಥ ತಾಲ್ಲೂಕಿನಲ್ಲಿ ಇದು ಬರಿಯ ಹವ್ಯಾಸದ ಮಾತಲ್ಲ. ಕಾಡಿನ ನಡುವೆ ಚದುರಿದ ಹಳ್ಳಿಯಲ್ಲಿ ಗಾಡಿ ಕೆಟ್ಟರೆ ಗ್ಯಾರೇಜಿಗಾಗಿ ದಾಂಡೇಲಿಯ ಕಡೆ ನೋಡಬೇಕು. ಅಲ್ಲಿ ಸಿಗದ ಬಿಡಿಭಾಗಕ್ಕೆ ಹುಬ್ಬಳ್ಳಿ, ಇಲ್ಲವೇ ಬೆಳಗಾವಿ. ಆದ್ದರಿಂದ ಹಳೆಯ ಜೀಪು ಇಟ್ಟುಕೊಂಡವನು ಅರ್ಧ ಮಿಸ್ತ್ರಿಯಾಗಿರಲೇಬೇಕು. ಇಂಗ್ಲೆಂಡ್, ಅಮೆರಿಕಗಳಲ್ಲಿ ಎಂ.ಜಿ., ಟ್ರಯಂಫ್‌ನಂಥ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸುವವರು ಅನೇಕರಿದ್ದಾರೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸೀಮೆಯಲ್ಲಿ ಆ ಸ್ಥಾನ ಜೀಪಿನದು. ಎರಡಕ್ಕೂ ಒಂದೇ ಗುಣವಿದೆ: ಬಿಚ್ಚಿದರೆ ಒಳಗೇನಿದೆಯೆಂದು ಕಣ್ಣಿಗೆ ಕಾಣುತ್ತದೆ.

ಯುದ್ಧದಿಂದ ಕಾಡಿಗೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಎರಡು ಕಂಪನಿಗಳ ಗಾಡಿಗಳ ಭಾಗಗಳು ಒಂದಕ್ಕೊಂದು ಹೊಂದಬೇಕೆಂಬುದು ಸೇನೆಯ ಷರತ್ತಾಗಿತ್ತು. ರಣರಂಗದಲ್ಲಿ ಕೆಟ್ಟ ಒಂದು ಗಾಡಿಯ ಭಾಗ ತೆಗೆದು ಇನ್ನೊಂದಕ್ಕೆ ಹಾಕಿ ಓಡಿಸಬೇಕಿತ್ತಲ್ಲ! ಕೆಲವೇ ಅಳತೆಯ ಪಾನಾಗಳು, ಒಂದು ಸ್ಕ್ರೂ ಡ್ರೈವರು, ಒಂದು ಸುತ್ತಿಗೆ ಇದ್ದರೆ ಹೆಚ್ಚಿನ ಕೆಲಸ ಸಾಗುವಂತೆ ಅದನ್ನು ರೂಪಿಸಿದ್ದು ಈ ಕಾರಣಕ್ಕೆ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಮುಂದೆ ಭಾರತದ ರಸ್ತೆಗಳಲ್ಲಿ ಮನೆಮಾತಾದದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅಮೆರಿಕದಲ್ಲಿ ಈ ಮಾದರಿ 1953ರಲ್ಲಿ ಬಂದು 1968ಕ್ಕೆ ನಿಂತುಹೋಯಿತು. ಇಲ್ಲಿ ಅದರ ವಂಶ ಹಲವು ದಶಕ ಮುಂದುವರಿಯಿತು. ಹಳೆಯ ಜೀಪಿನ ಬಿಡಿಭಾಗ ಭಾರತದಲ್ಲಿ ಇನ್ನೂ ಸಿಗುತ್ತಿದ್ದರೆ ಅದಕ್ಕೆ ಈ ದೀರ್ಘ ವಂಶಾವಳಿಯೇ ಕಾರಣ.

ಉತ್ತರ ಕನ್ನಡದ ಈ ಭಾಗಕ್ಕೆ ಜೀಪು ಹೇಳಿ ಮಾಡಿಸಿದಂತಿತ್ತು. ದಾಂಡೇಲಿ ಎಂದರೆ ಮೊದಲು ಮರದ ಊರು. ಕಾಡಿನ ಸಾಗುವಾನಿ ಸಾಗಿಸಲೆಂದೇ ಬ್ರಿಟಿಷರ ಕಾಲದಲ್ಲಿ ಅಳ್ನಾವರದಿಂದ ಅಲ್ಲಿಗೆ ರೈಲು ಹಳಿ ಬಂದಿತ್ತು. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮರುವರ್ಷ ವನ್ಯಜೀವಿಧಾಮ ಘೋಷಣೆಯಾಯಿತು. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪೇಟೆ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಅರಣ್ಯಾಧಿಕಾರಿ, ಮರದ ಗುತ್ತಿಗೆದಾರ, ಎಂಜಿನಿಯರು - ಎಲ್ಲರಿಗೂ ಬೇಕಿದ್ದುದು ನಾಲ್ಕೂ ಗಾಲಿ ಎಳೆಯುವ ಗಾಡಿ. ಕೆಲಸ ಮುಗಿದ ಮೇಲೆ, ಹರಾಜಿನ ಮೇಲೆ, ಕೈಯಿಂದ ಕೈಗೆ ದಾಟುತ್ತ ಅವು ಮನೆಗಳ ಅಂಗಳ ಸೇರಿದವು.

ಕೈಗೆಟಕುವ ಎಂಜಿನ್ನು

ಯುದ್ಧಕಾಲದ ಜೀಪಿನ ಎಂಜಿನ್ನು ನಾಲ್ಕು ಸಿಲಿಂಡರಿನದು, 2.2 ಲೀಟರಿನದು, 60 ಅಶ್ವಶಕ್ತಿಯದು. ಅದರ ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿಲ್ಲ, ಪಕ್ಕದಲ್ಲಿವೆ. ಹಾಗಾಗಿ ಮೇಲಿನ 'ಹೆಡ್' ಎಂಬುದು ಒಂದು ದಪ್ಪ ಎರಕದ ಮುಚ್ಚಳ, ಅಷ್ಟೇ. ಸಿಜೆ-3ಬಿಯಲ್ಲಿ ಗಾಳಿ-ಪೆಟ್ರೋಲು ಒಳಬಿಡುವ ವಾಲ್ವುಗಳನ್ನು ಮೇಲಕ್ಕೆ ಒಯ್ದು, ಹೊಗೆ ಹೊರಬಿಡುವವನ್ನು ಪಕ್ಕದಲ್ಲೇ ಉಳಿಸಿದರು. ಎಂಜಿನ್ನು ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಸಿಜೆ-3ಬಿಯ ಗುರುತೇ ಆದ ಆ ಉಬ್ಬು ಅಂದಕ್ಕಾಗಿ ಮಾಡಿದ್ದಲ್ಲ.

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಮೊದಲನೆಯದು ಸಿ.ಬಿ. ಪಾಯಿಂಟ್. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಂದು ಪುಟ್ಟ ಬಾಗಿಲು ತೆರೆದು ಮುಚ್ಚಿದಂತೆ ಬಡಿಯುವ ಎರಡು ಲೋಹದ ತುದಿಗಳು ಕಾಣುತ್ತವೆ. ಅವು ತೆರೆದ ಪ್ರತಿ ಸಲವೂ ಒಂದು ಕಿಡಿ. ತೆರೆದಾಗ ನಡುವಿನ ಸಂದು ಅರ್ಧ ಮಿಲಿಮೀಟರಿನಷ್ಟಿರಬೇಕು. ಬಡಿದು ಬಡಿದು ತುದಿ ಕಪ್ಪಾಗುತ್ತದೆ, ಗುಳಿ ಬೀಳುತ್ತದೆ. ನಯವಾದ ಅರದಿಂದ ತೀಡಿ, ಅಳತೆ ಪಟ್ಟಿ ತೂರಿಸಿ ಸಂದು ಸರಿಪಡಿಸಿದರೆ ಹೊತ್ತಾರೆ ಹಟ ಮಾಡುತ್ತಿದ್ದ ಎಂಜಿನ್ನು ಮಾತು ಕೇಳುತ್ತದೆ. ಪ್ಲಗ್ಗಿನ ಬಣ್ಣ ನೋಡಿಯೂ ಬಹಳ ಹೇಳಬಹುದು. ಚಹಾದ ಬಣ್ಣ ಆರೋಗ್ಯದ ಲಕ್ಷಣ; ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು; ಜಿಡ್ಡಿನ ಮಸಿ ಇದ್ದರೆ ಎಂಜಿನ್ ಆಯಿಲ್ ಮೇಲೇರುತ್ತಿದೆ ಎಂದರ್ಥ, ಪಿಸ್ಟನ್ನಿನ ರಿಂಗುಗಳು ಸವೆದಿರಬಹುದು.

ಹ್ಯಾಂಡಲ್ ತಿರುಗಿಸುವುದಕ್ಕೂ ಒಂದು ಶಾಸ್ತ್ರವಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಕಿಡಿ ಅಕಾಲದಲ್ಲಿ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಸುತ್ತಿ ಹಿಡಿದವನ ಮಣಿಕಟ್ಟು ಮುರಿಯುವುದು ಆಗಲೇ.

ನೀರು, ಧೂಳು, ಹುಳ

ಹಳೆಯ ಗಾಡಿಯನ್ನು ಕೊಲ್ಲುವುದು ಓಟವಲ್ಲ, ನಿಲುಗಡೆ. ಜೋಯಿಡಾದ ಪಶ್ಚಿಮ ಅಂಚಿನ ಕ್ಯಾಸಲ್‌ರಾಕ್ ಕಡೆ ವರ್ಷದ ಮಳೆ ಐದು ಸಾವಿರ ಮಿಲಿಮೀಟರು ದಾಟುವುದುಂಟು. ಜೂನಿನಲ್ಲಿ ಕೊಟ್ಟಿಗೆಗೆ ನೂಕಿದ ಜೀಪನ್ನು ದಸರೆಯ ಹೊತ್ತಿಗೆ ಹೊರಗೆಳೆದರೆ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ, ಬ್ರೇಕಿನ ಶೂ ಡ್ರಮ್ಮಿಗೆ ಕಚ್ಚಿರುತ್ತದೆ. ಉಪಾಯಗಳು ಸರಳ. ಕ್ಲಚ್ ಪೆಡಲನ್ನು ಒತ್ತಿ ಹಿಡಿಯುವಂತೆ ಒಂದು ಮರದ ತುಂಡನ್ನು ಆನಿಸಿಡುವುದು. ಹ್ಯಾಂಡ್‌ಬ್ರೇಕ್ ಹಾಕದೆ ಗಾಲಿಗೆ ಕಲ್ಲು ಕೊಡುವುದು. ಹದಿನೈದು ದಿನಕ್ಕೊಮ್ಮೆ ಎಂಜಿನ್ನು ಚೆನ್ನಾಗಿ ಕಾಯುವವರೆಗೆ ಓಡಿಸಿ ತರುವುದು. ನಿಂತಲ್ಲೇ ಐದು ನಿಮಿಷ ಶಬ್ದ ಮಾಡಿಸಿ ನಿಲ್ಲಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಸೈಲೆನ್ಸರಿನೊಳಗೆ ಕೂಡಿದ ನೀರು ಆರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ತಾಡಪತ್ರಿಯನ್ನು ಮೈಗೆ ಅಂಟುವಂತೆ ಬಿಗಿಯುವುದೂ ತಪ್ಪು; ಒಳಗೆ ಗಾಳಿಯಾಡದೆ ತೇವ ಬೆವರಿನಂತೆ ಕೂರುತ್ತದೆ.

ಹಳ್ಳ ದಾಟಿ ಬಂದ ಮೇಲೆ ಗೇರ್ ಪೆಟ್ಟಿಗೆ, ಮುಂದಿನ ಹಿಂದಿನ ಆಕ್ಸಲ್ಲುಗಳ ಆಯಿಲ್ ನೋಡಲೇಬೇಕು. ಕಾದ ಪೆಟ್ಟಿಗೆ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲುಗಳ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಆಯಿಲ್ ಹಾಲು ಬೆರೆತ ಚಹಾದಂತೆ ಕಂಡರೆ ಅದನ್ನು ಚೆಲ್ಲಿ ಹೊಸದು ತುಂಬದೆ ಗತ್ಯಂತರವಿಲ್ಲ.

ಪೂರ್ವಕ್ಕೆ ಹಳಿಯಾಳ, ಮುಂಡಗೋಡದ ಬಯಲಿಗೆ ಬಂದರೆ ಮಳೆ ಕಡಿಮೆ; ಬೇಸಿಗೆಯ ಕಷ್ಟ ಧೂಳಿನದು. ಕೆಮ್ಮಣ್ಣಿನ ಧೂಳು ಗ್ರೀಸಿನೊಡನೆ ಬೆರೆತರೆ ಸಾಣೆಯ ಪುಡಿಯಂತಾಗಿ ಕೀಲುಗಳನ್ನು ಸವೆಸುತ್ತದೆ. ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ಒತ್ತುವಾಗ ಹಳೆಯ ಕೊಳೆ ಪೂರ್ತಿ ಹೊರಬರುವತನಕ ಒತ್ತಬೇಕೆನ್ನುವುದು ಈ ಕಾರಣಕ್ಕೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸಲು ಜೀಪಿನಲ್ಲಿರುವುದು ಎಣ್ಣೆಯ ಬಟ್ಟಲು. ಧೂಳು ಎಣ್ಣೆಯಲ್ಲಿ ಸಿಕ್ಕಿಬಿದ್ದು ತಳ ಸೇರುತ್ತದೆ. ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ಹಾಕುವುದು ಮಕ್ಕಳೂ ಮಾಡಬಹುದಾದ ಕೆಲಸ. ಅದನ್ನು ಮರೆತರೆ ಮಾತ್ರ ಸಿಲಿಂಡರು ಸವೆದು, ದುಬಾರಿ ಬೋರಿಂಗ್ ಕೆಲಸ ಎದುರಾಗುತ್ತದೆ.

ಇಷ್ಟರ ಮೇಲೆ ತಂತಿ ಕಡಿಯುವ ಇಲಿ, ಬಳಸದ ಕೊಳವೆಯ ಬಾಯಲ್ಲಿ ಮಣ್ಣಿನ ಮನೆ ಕಟ್ಟುವ ಕುಂಬಾರ ಹುಳ. ಎಲ್ಲ ಸರಿಯಿದ್ದೂ ಪೆಟ್ರೋಲು ಬಾರದ ಗಾಡಿಯಲ್ಲಿ ತಪ್ಪು ಟ್ಯಾಂಕಿನ ಗಾಳಿಕಿಂಡಿಯಲ್ಲಿ ಕೂತ ಒಂದು ಚಿಟಿಕೆ ಮಣ್ಣಿನದಾಗಿರಬಹುದು.

ಮೊದಲು ನಿಲ್ಲಲಿ, ಆಮೇಲೆ ಓಡಲಿ

ಹಳೆಯ ಗಾಡಿ ಕೊಂಡವರು ಸಾಮಾನ್ಯವಾಗಿ ಮೊದಲು ಬಣ್ಣಕ್ಕೆ ಹಣ ಹಾಕುತ್ತಾರೆ, ಆಮೇಲೆ ಎಂಜಿನ್ನಿಗೆ, ಉಳಿದರೆ ಬ್ರೇಕಿಗೆ. ಬಲ್ಲವರ ಕ್ರಮ ಇದರ ತಿರುಗುಮುರುಗು. ಈ ಜೀಪುಗಳ ಬ್ರೇಕಿನಲ್ಲಿ ನಾಲ್ಕೂ ಗಾಲಿಗೆ ಒಂದೇ ದ್ರವದ ಸಾಲು. ಯಾವುದೇ ಒಂದು ಗಾಲಿಯ ಬಳಿ ಕೊಳವೆ ಒಡೆದರೂ ನಾಲ್ಕೂ ಕಡೆ ಬ್ರೇಕು ಹೋಗುತ್ತದೆ. ಈಗಿನ ಕಾರುಗಳಲ್ಲಿರುವಂತೆ ಅರ್ಧವಾದರೂ ಉಳಿಯುವ ಎರಡನೆಯ ಸಾಲು ಇಲ್ಲ.

ಬ್ರೇಕಿನ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ನೀರು ಸೇರಿದ ದ್ರವ ಬೇಗ ಕುದಿಯುತ್ತದೆ. ಘಟ್ಟ ಇಳಿಯುವಾಗ ಡ್ರಮ್ಮು ಕಾದು ಕೊಳವೆಯಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಅಣಶಿ ಘಟ್ಟದ ತಿರುವಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು, ರಬ್ಬರಿನ ಕೊಳವೆಗಳನ್ನು ನೋಡಲು ಚೆನ್ನಾಗಿದ್ದರೂ ಕೆಲವು ವರ್ಷಕ್ಕೊಮ್ಮೆ ಹೊಸದು ಹಾಕುವುದು, ಸ್ಟೇರಿಂಗಿನ ಕೀಲುಗಳಲ್ಲಿ 'ಆಟ' ಎಷ್ಟಿದೆಯೆಂದು ಆಗಾಗ ಅಲುಗಿಸಿ ನೋಡುವುದು - ಇವಿಷ್ಟನ್ನು ಮುಂದೂಡಲೇಬಾರದು.

ಮನೆಯಲ್ಲಿ ಮಾಡುವ ಕೆಲಸಕ್ಕೆ ಮಿತಿಯೂ ಇದೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ದಪ್ಪ ಮರದ ದಿಮ್ಮಿ ಕೊಟ್ಟೇ ಇಳಿಯಬೇಕು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುವುದರಿಂದ ಡ್ರಮ್ಮಿನ ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಜೀಪಿನ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ. ತುಕ್ಕು ಹಿಡಿದ ನೆಲಕ್ಕೆ ತಗಡು ಬೆಸೆಯುವ ಮೊದಲು ಟ್ಯಾಂಕನ್ನು ಇಳಿಸಿ ದೂರ ಇಡಬೇಕು. ಟ್ಯಾಂಕು ಖಾಲಿಯಿದೆ ಎಂಬ ಧೈರ್ಯ ಬೇಡ; ಖಾಲಿ ಟ್ಯಾಂಕಿನೊಳಗಿನ ಆವಿಯೇ ಹೆಚ್ಚು ಅಪಾಯಕಾರಿ. ಚಾಸಿಯ ತುಕ್ಕನ್ನು ಅಳೆಯಲು ಒಂದು ಸುತ್ತಿಗೆ ಸಾಕು. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ಕೊಳೆತ ಉಕ್ಕಿನಿಂದ ಮಂಕು ಸದ್ದು ಬರುತ್ತದೆ. ಅಂಥ ಚಾಸಿಯ ಬೆಸುಗೆ ಮಾತ್ರ ಪಳಗಿದವರ ಕೆಲಸ.

ಬದಲಾದ ಪೆಟ್ರೋಲು

ಗಾಡಿ ಬದಲಾಗದಿದ್ದರೂ ಅದು ಕುಡಿಯುವ ಪೆಟ್ರೋಲು ಬದಲಾಗಿದೆ. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಈಚೆಗೆ ಎಥನಾಲ್ ಬೆರೆಸುವ ಪ್ರಮಾಣ ಏರುತ್ತ ಬಂದು 2025ರ ಹೊತ್ತಿಗೆ ಶೇಕಡಾ 20 ಮುಟ್ಟಿತು. ಎಥನಾಲ್ ಕೂಡ ತೇವ ಹೀರುತ್ತದೆ. ಮಳೆಗಾಲ ಪೂರ್ತಿ ನಿಂತ ಟ್ಯಾಂಕಿನಲ್ಲಿ ಅದು ನೀರಿನೊಡನೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತದೆ. ತಗಡಿಗೆ ತುಕ್ಕು, ಕಾರ್ಬ್ಯುರೇಟರಿಗೆ ಕಿಲುಬು. ಹಳೆಯ ಬಗೆಯ ರಬ್ಬರು ಉಬ್ಬುತ್ತದೆ, ಒಡೆಯುತ್ತದೆ. ಪೆಟ್ರೋಲ್ ಪಂಪಿನ ಪೊರೆ ಹರಿಯುತ್ತದೆ.

ಹಳಿಯಾಳದ ಸುತ್ತಲಿನ ಗದ್ದೆಗಳಲ್ಲಿ ಈಗ ಕಬ್ಬು ದೊಡ್ಡ ಬೆಳೆ, ಎಥನಾಲಿನ ಮುಖ್ಯ ಮೂಲಗಳಲ್ಲಿ ಕಬ್ಬೂ ಒಂದು. ರೈತನಿಗೆ ಬೆಲೆ ತರುವ ಬೆಳೆಯೇ ಅವನ ಅಂಗಳದ ಹಳೆಯ ಜೀಪಿನ ರಬ್ಬರನ್ನು ತಿನ್ನುತ್ತದೆ! ಪರಿಹಾರ ಕಷ್ಟದ್ದಲ್ಲ. ಎಥನಾಲ್ ತಡೆಯುವ ಹೊಸ ಬಗೆಯ ಕೊಳವೆ, ಪೊರೆಗಳನ್ನು ಹಾಕುವುದು, ಬಹುಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು. ಎಂಜಿನ್ನಿನ ಒತ್ತಡ ಕಡಿಮೆಯಿರುವುದರಿಂದ ಸಾಧಾರಣ ಪೆಟ್ರೋಲೇ ಅದಕ್ಕೆ ಸಾಕು, ದುಬಾರಿಯದು ಬೇಕಿಲ್ಲ.

ಲ್ಹಾಸಾದ ಆಸ್ಟಿನ್

ಮುಂಡಗೋಡದ ಟಿಬೆಟನ್ ಶಿಬಿರ ಆರಂಭವಾದದ್ದು 1966ರಲ್ಲಿ. ಟಿಬೆಟಿನ ಹೆಸರಾಂತ ದ್ರೆಪುಂಗ್ ಮತ್ತು ಗಾಂದೆನ್ ಮಠಗಳು 1969ರಲ್ಲಿ ಇಲ್ಲಿ ಮತ್ತೆ ನೆಲೆಗೊಂಡವು. ಈ ಜನರ ಧರ್ಮಗುರು ದಲಾಯಿ ಲಾಮಾ ಅವರು ಹುಡುಗನಾಗಿದ್ದಾಗ ಹಳೆಯ ಕಾರು ರಿಪೇರಿಯ ಹುಚ್ಚು ಹಿಡಿಸಿಕೊಂಡಿದ್ದರೆಂಬುದು ಅನೇಕರಿಗೆ ತಿಳಿಯದು. 1990ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಹಿಂದಿನ ದಲಾಯಿ ಲಾಮಾ ಅವರಿಗಾಗಿ ತರಿಸಿದ ಎರಡು ಬೇಬಿ ಆಸ್ಟಿನ್ ಕಾರುಗಳು ಮತ್ತು ಒಂದು ಡಾಜ್ ಕಾರು ಲ್ಹಾಸಾದಲ್ಲಿ ತುಕ್ಕು ಹಿಡಿಯುತ್ತ ನಿಂತಿದ್ದವು. ಹಿಮಾಲಯದಾಚೆಗೆ ಆಗ ಮೋಟಾರು ರಸ್ತೆ ಇರಲಿಲ್ಲ. ಕಾರುಗಳನ್ನು ಬಿಚ್ಚಿ, ಹೊತ್ತು, ಆ ಕಡೆ ಮತ್ತೆ ಜೋಡಿಸಲಾಗಿತ್ತು. 1933ರಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವನ್ನು ಕೇಳುವವರಿರಲಿಲ್ಲ. ಒಬ್ಬ ಚಾಲಕನ ನೆರವಿನಿಂದ, ಒಂದು ಆಸ್ಟಿನ್ನಿನ ಭಾಗ ತೆಗೆದು ಇನ್ನೊಂದಕ್ಕೆ ಹಾಕಿ, ಅದನ್ನು ಓಡುವಂತೆ ಮಾಡಲಾಯಿತು. ಒಂದು ದಿನ ಹುಡುಗ ಒಬ್ಬನೇ ಕಾರು ಹೊರಡಿಸಿ ಮರಕ್ಕೆ ಗುದ್ದಿದ. ಮುಂದೀಪದ ಗಾಜು ಒಡೆಯಿತು. ಬದಲಿ ಗಾಜು ಸಿಕ್ಕಿತಾದರೂ ಮೂಲದ ಗಾಜಿನಂತೆ ಮಬ್ಬಾಗಿರಲಿಲ್ಲ. ಸಕ್ಕರೆ ಪಾಕ ಬಳಿದು ಮಬ್ಬು ತರಿಸಿದ್ದಾಯಿತು!

ಬೇಬಿ ಆಸ್ಟಿನ್ ಇಂಗ್ಲೆಂಡಿನ ಅಗ್ಗದ ಪುಟ್ಟ ಕಾರು. ಆದರೆ ಅದರ ಸರಳತೆಯೇ ಸ್ಪೋರ್ಟ್ಸ್ ಕಾರುಗಳ ಚರಿತ್ರೆಗೆ ತಳಹದಿಯಾಯಿತು. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ 1948ರಲ್ಲಿ ತನ್ನ ಮೊದಲ ಕಾರು ಮಾಡಿದ್ದು ಹಳೆಯ ಆಸ್ಟಿನ್ನಿನ ಮೇಲೆ. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಹದಿಹರೆಯದಲ್ಲಿ ತಂದೆಯೊಂದಿಗೆ ದುರಸ್ತಿ ಮಾಡಿ ಓಡಿಸಿದ ಮೊದಲ ಪಂದ್ಯದ ಕಾರೂ ಆಸ್ಟಿನ್ನೇ. ಲ್ಹಾಸಾದಲ್ಲಾಗಲಿ ಆಕ್ಲೆಂಡಿನಲ್ಲಾಗಲಿ ಹುಡುಗರ ಕೈಗೆ ಅದು ಒಲಿದದ್ದು ಬಿಚ್ಚಿ ನೋಡಲು ಬಿಟ್ಟುಕೊಟ್ಟದ್ದರಿಂದ.

ಕಾನೂನಿನ ಇಕ್ಕಟ್ಟು

ಹಳೆಯ ವಾಹನಗಳ ಬಗ್ಗೆ ಕಾನೂನು ಏನೆನ್ನುತ್ತದೆ? 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 'ವಿಎ' ಅಕ್ಷರಗಳಿರುವ ವಿಶೇಷ ಸಂಖ್ಯೆ. ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು. ದಿನಬಳಕೆಗಾಗಲಿ ಬಾಡಿಗೆಗಾಗಲಿ ಅಲ್ಲ.

ರಾಜಮಹಾರಾಜರ ಗ್ಯಾರೇಜಿನಲ್ಲಿ ಉಳಿದುಬಂದ ಕಾರುಗಳಿಗೆ ಈ ನಿಯಮ ಚೆನ್ನಾಗಿ ಹೊಂದುತ್ತದೆ. ಕಾಡಿನ ಜೀಪಿನ ಕತೆ ಬೇರೆ. ಪೆಟ್ರೋಲು ದುಬಾರಿಯಾದಾಗ ಅಂಥ ಜೀಪುಗಳಲ್ಲಿ ಎಷ್ಟಕ್ಕೋ ಡೀಸೆಲ್ ಎಂಜಿನ್ ಕೂರಿಸಲಾಯಿತು. ಕೊಳೆತ ಮೈಗೆ ಹೊಸ ತಗಡು ಬಂತು, 6 ವೋಲ್ಟಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿಗೆ ಏರಿತು. ಹೀಗೆ ಬದಲಾಗಿದ್ದರಿಂದಲೇ ಅವು ಗುಜರಿಗೆ ಹೋಗದೆ ಉಳಿದವು. ಉಳಿಸಿದ ಆ ದುರಸ್ತಿಯೇ ಈಗ ಅವನ್ನು ವಿಂಟೇಜ್ ಪಂಕ್ತಿಯಿಂದ ಎಬ್ಬಿಸುತ್ತದೆ. ಎಂಜಿನ್ ಬದಲಿಸಿದ್ದನ್ನು ನೋಂದಣಿ ಪತ್ರದಲ್ಲಿ ನಮೂದಿಸಿರದಿದ್ದರೆ ಸಾಮಾನ್ಯ ನೋಂದಣಿಯ ನವೀಕರಣಕ್ಕೂ ತೊಡಕು. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಸರ್ಕಾರಿ ವಾಹನಗಳಿಗಂತೂ 2023ರ ಏಪ್ರಿಲ್ 1ರಿಂದ 15 ವರ್ಷವೇ ಆಯುಷ್ಯದ ಮಿತಿ. ಇಲಾಖೆಯ ಜೀಪು ಹರಾಜಿನಲ್ಲಿ ಮನೆಯ ಅಂಗಳ ಸೇರುತ್ತಿದ್ದ ಹಳೆಯ ದಾರಿ ಮುಚ್ಚಿತು.

ಹೊಗೆ ಮತ್ತು ಸುರಕ್ಷತೆಯ ದೃಷ್ಟಿಯಿಂದ ಈ ನಿಯಮಗಳಿಗೆ ಕಾರಣವಿಲ್ಲದಿಲ್ಲ. ಒಂದೇ ಸಾಲಿನ ಬ್ರೇಕಿನ ಗಾಡಿಯನ್ನು ದಿನವೂ ಹೆದ್ದಾರಿಯಲ್ಲಿ ಓಡಿಸಬೇಕೆಂದು ಯಾರೂ ವಾದಿಸಲಾರರು. ಆದರೆ ವಾಹನದ ಚರಿತ್ರೆ ಎಂದರೆ ಕಾರ್ಖಾನೆಯಿಂದ ಹೊರಬಂದ ದಿನದ ರೂಪವೊಂದೇ ಅಲ್ಲ. ಆಮೇಲೆ ಅದನ್ನು ಯಾರು, ಎಲ್ಲಿ, ಯಾವ ಅಡಚಣೆಯಲ್ಲಿ ಹೇಗೆ ಉಳಿಸಿಕೊಂಡರೆಂಬುದೂ ಚರಿತ್ರೆಯೇ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹೊಳೆಯುವ ಹಳೆಯ ಕಾರುಗಳ ಸಾಲು ನೋಡುವಾಗ ಬರುವ ಸಂತೋಷ ಒಂದು ಬಗೆಯದು. ತೇಪೆ ಹಾಕಿದ ಮೈಯ ಜೀಪು ಮೊದಲ ಮಳೆಯ ಕೆಸರಿನಲ್ಲಿ ತೆವಳುತ್ತ ಏರುವುದನ್ನು ನೋಡುವ ಸಂತೋಷ ಇನ್ನೊಂದು ಬಗೆಯದು. ಆ ತೇಪೆಗಳ ಲೆಕ್ಕ ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಬಿಡಿಭಾಗವನ್ನು ಹುಬ್ಬಳ್ಳಿಯಿಂದ ತರಿಸಬಹುದು, ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆಸಬಹುದು. ಪಾಯಿಂಟಿನ ಸಂದನ್ನು ಕಿವಿಯಿಂದಲೇ ಅಳೆಯಬಲ್ಲ ಮಿಸ್ತ್ರಿಯನ್ನು ಮಾತ್ರ ಹಾಗೆ ತರಿಸಲಾಗದು. ಕಾರ್ಬ್ಯುರೇಟರು ಇಲ್ಲದ ಗಾಡಿಗಳ ಕಾಲದಲ್ಲಿ ಕೆಲಸ ಕಲಿತ ಹುಡುಗರಿಗೆ ಅದನ್ನು ಕಲಿಯುವ ಅವಕಾಶವೇ ಬರುವುದಿಲ್ಲ. ಆದ್ದರಿಂದ ಹಳೆಯ ಗಾಡಿ ಉಳ್ಳವರು ಉಪಕರಣಗಳ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ಕನ್ನೂ ಇಡುವುದು ಒಳ್ಳೆಯದು. ಯಾವ ದಿನ ಯಾವ ಆಯಿಲ್ ಹಾಕಿತು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಬೇರಿಂಗಿನ ಬದಲು ಯಾವುದು ಹೊಂದಿತು ಎಂಬುದನ್ನು ಗ್ರೀಸಿನ ಬೆರಳಿನಲ್ಲೇ ಆದರೂ ಬರೆದಿಟ್ಟರೆ, ಮುಂದೊಂದು ದಿನ ಆ ಬಾನೆಟ್ ಎತ್ತುವವನಿಗೆ ಎಲ್ಲಿಂದ ಶುರುಮಾಡಬೇಕೆಂಬುದಾದರೂ ತಿಳಿದೀತು.